ಫ್ರೀಜರ್ ಇಲಿಗೆ ಬಾಲ್ ಪೈಥಾನ್ ಮರಿ ಒಗ್ಗಿದ್ದು: 73 ದಿನಗಳ ದಾಖಲೆ

ಹಾವು: ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಸಣ್ಣ ಜಾತಿಯ ಹೆಬ್ಬಾವು), ನಾಲ್ಕು ತಿಂಗಳ ಮರಿ. ಬಂದ ದಿನದ ತೂಕ 121 ಗ್ರಾಂ. ಅಲ್ಲಿಯವರೆಗೆ ತಿಂದದ್ದೆಲ್ಲ ಜೀವಂತ ಇಲಿಮರಿ. ಫ್ರೀಜರಿನಿಂದ ತೆಗೆದು ಕರಗಿಸಿದ ಇಲಿಯನ್ನು ಚಿಮಟದ ತುದಿಯಿಂದ ತಿನ್ನುವುದು ಅದಕ್ಕೆ ರೂಢಿಯಾಗಬೇಕು, ಇದೇ ಕೆಲಸ. ಎರಡು ಮೂರು ವಾರದ ಮಾತು ಎಂದುಕೊಂಡದ್ದು ಹತ್ತು ವಾರ ಹಿಡಿಯಿತು. ನಾಲ್ಕು ಇಲಿ ಕಸದ ಬುಟ್ಟಿಗೆ ಹೋದವು, ಅವುಗಳಲ್ಲಿ ಒಂದು ಹಾವಿನ ಹೊಟ್ಟೆ ಸೇರಿ ವಾಪಸು ಬಂದದ್ದು. ಲೆಕ್ಕ ಹಾಕಿದರೆ ಹಾವಿನ ಹಟ ಅನ್ನುವುದು ಇದರಲ್ಲಿ ಒಂದು ಸಲವೂ ಇಲ್ಲ. ತಪ್ಪೆಲ್ಲ ಆದದ್ದು ನೀರಿನ ಡಬ್ಬಿ, ಚಿಮಟ ಮತ್ತು ಹೀಟ್ ಮ್ಯಾಟ್ (ಹಾವಿನ ಟಬ್ಬಿನ ತಳಕ್ಕೆ ಬಿಸಿ ಕೊಡುವ ಚಾಪೆ) ಹತ್ತಿರ.

ಸಾಮಾನು

ತೂಕದ ಯಂತ್ರ 0.1 ಗ್ರಾಂ ತೋರಿಸುವಂಥದ್ದು. 1 ಗ್ರಾಂ ತೋರಿಸುವ ತಕ್ಕಡಿ ಹಾವಿಗೆ ಸಾಕು, ಇಲಿಗೆ ಸಾಲದು. ಪಿಂಕಿ ಎನ್ನುವ ರೋಮವಿಲ್ಲದ ಮರಿ ತೂಗುವುದೇ ಒಂದರಿಂದ ಮೂರು ಗ್ರಾಂ.

ಚಿಮಟ 30 ಸೆಂಟಿಮೀಟರ್ ಉದ್ದ, ತುದಿ ಮೊಂಡು, ರಬ್ಬರ್ ಹೊದಿಕೆ ಇರುವುದು. ಮೊದಲು ತಂದದ್ದು 20 ಸೆಂಟಿಮೀಟರಿನದು. ಅದು ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದು 14ನೇ ದಿನದ ದಾಖಲೆಯಲ್ಲಿದೆ.

ಇನ್‌ಫ್ರಾರೆಡ್ ಥರ್ಮಾಮೀಟರ್. ಇದರಲ್ಲಿ ಒಂದು ಮೋಸವಿದೆ. 12:1 (ದೂರಕ್ಕೂ ಅಳೆಯುವ ಜಾಗದ ಅಗಲಕ್ಕೂ ಇರುವ ಅನುಪಾತ) ಎಂದು ಬರೆದಿರುವ ಯಂತ್ರವನ್ನು 30 ಸೆಂಟಿಮೀಟರ್ ದೂರದಿಂದ ಹಿಡಿದರೆ ಅದು ಅಳೆಯುವುದು ಎರಡೂವರೆ ಸೆಂಟಿಮೀಟರ್ ಅಗಲದ ಜಾಗವನ್ನು. ಇಲಿಮರಿಯ ತಲೆ ಅಷ್ಟು ದೊಡ್ಡದಿಲ್ಲ, ಹಿಂದಿನ ಮೇಜಿನ ಬಿಸಿಯೂ ಸೇರಿಕೊಂಡು ಸುಳ್ಳು ಅಂಕಿ ಬರುತ್ತದೆ. ಐದು ಸೆಂಟಿಮೀಟರ್ ಹತ್ತಿರ ಹಿಡಿದು ಅಳೆಯಬೇಕು. ಗಾಜಿನ ಆಚೆಯಿಂದ ಅಳೆದರೆ ಸಿಗುವುದು ಗಾಜಿನ ತಾಪ.

ಉಳಿದದ್ದು: ಜಿಪ್ ಚೀಲ, ಎರಡು ಲೀಟರಿನ ಪ್ಲಾಸ್ಟಿಕ್ ಡಬ್ಬಿ, ನೀರಿಗೆ ಅದ್ದುವ ಥರ್ಮಾಮೀಟರ್, ಪೇಪರ್ ಟವೆಲ್, ಹೇರ್ ಡ್ರೈಯರ್, ಬಳಸಿ ಬಿಸಾಡುವ ಕೈಗವಸು. ಡಬ್ಬಿ, ಥರ್ಮಾಮೀಟರ್ ಎರಡರ ಮೇಲೂ ಮಾರ್ಕರಿನಲ್ಲಿ ‘ಇಲಿ’ ಎಂದು ಬರೆದಿಡಬೇಕು, ಅವು ಮತ್ತೆ ಅಡುಗೆಮನೆಗೆ ಹೋಗಬಾರದು. ಹೆಪ್ಪುಗಟ್ಟಿದರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. 2010ರಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಜನರಿಗೆ ತಗಲಿದ ಸಾಲ್ಮೊನೆಲ್ಲಾ ಸೋಂಕಿನ ಒಂದು ಸರಣಿಯ ಜಾಡು ಹಿಡಿದು ಹೋದಾಗ ಅದು ಮುಟ್ಟಿದ್ದು ಹಾವಿಗೆಂದು ಮಾರುವ ಫ್ರೋಜನ್ ಇಲಿಗಳನ್ನು. ಪಾತ್ರೆ ತೊಳೆಯುವ ಸಿಂಕಿನಲ್ಲಿ ಇಲಿ ಕರಗಿಸುವವರಿಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ದಿನ 0: ಇಲಿ ಪರೀಕ್ಷೆ, ಅಳತೆ

ಪೊಟ್ಟಣ ಬಿಚ್ಚುವ ಮೊದಲು ಮೂರು ನೋಟ. ಚೀಲದ ತಳದಲ್ಲಿ ಕೆಂಪು ನೀರು ಮಂಜುಗಡ್ಡೆಯಾಗಿ ಅಂಟಿದ್ದರೆ, ಇಲಿಗಳು ಒಂದಕ್ಕೊಂದು ಬೆಸೆದು ಉಂಡೆಯಾಗಿದ್ದರೆ, ಸಾಗಣೆಯಲ್ಲಿ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದವು ಎಂದರ್ಥ. ಹೊಟ್ಟೆ ಹಸಿರಾಗಿದ್ದರೆ ಫ್ರೀಜರಿಗೆ ಹಾಕುವ ಮೊದಲೇ ಕೊಳೆಯಲು ಶುರುವಾಗಿತ್ತು. ಬಾಲ, ಕಿವಿ ಒಣಗಿ ಮುರುಟಿದ್ದರೆ ಫ್ರೀಜರಿನ ಗಾಳಿಗೆ ಬಹಳ ಕಾಲ ಇತ್ತು. ಮೊದಲೆರಡು ಕಂಡರೆ ಹಿಂದೆ ಕಳಿಸುವುದೇ ಸರಿ.

ತೂಕ ನೋಡಿ ಚೀಲ ಮಾಡಿ, ಗಾಳಿ ಒತ್ತಿ ತೆಗೆದು, ಮೇಲೆ ತೂಕ ಮತ್ತು ದಿನಾಂಕ ಬರೆದು ಮೈನಸ್ 18 ಡಿಗ್ರಿಯಲ್ಲಿ ಇಟ್ಟದ್ದಾಯಿತು. ಆರು ತಿಂಗಳೊಳಗೆ ಖಾಲಿ ಮಾಡುವ ಲೆಕ್ಕ.

ಸಣ್ಣ ಇಲಿಗಳ ಅಳತೆ ಸುಮಾರಾಗಿ ಹೀಗೆ: ಪಿಂಕಿ 1–3 ಗ್ರಾಂ, ರೋಮ ಮೂಡಿದ ಫಜ್ಜಿ 3–6, ಓಡಾಡಲು ಕಲಿತ ಹಾಪರ್ 7–12, ಬೆಳೆದದ್ದು 20–30. ಹೆಸರು ಮಾರುವವರ ಮರ್ಜಿ, ಒಬ್ಬರ ಹಾಪರ್ ಇನ್ನೊಬ್ಬರ ಫಜ್ಜಿ. ಹಾಗಾಗಿ ಲೆಕ್ಕ ಗ್ರಾಮಿನಲ್ಲೇ. ಈ ವಯಸ್ಸಿನ ಬಾಲ್ ಪೈಥಾನ್‌ಗೆ ಮೈತೂಕದ 10ರಿಂದ 15 ಪ್ರತಿಶತ, ವಾರಕ್ಕೊಂದು ಸಲ. ಇಲಿಯ ದಪ್ಪ ಹಾವಿನ ನಡುಮೈಯ ದಪ್ಪಕ್ಕೆ ಸಮ, ಅಥವಾ ಕೂದಲೆಳೆ ಹೆಚ್ಚು. 121 ಗ್ರಾಮಿನ ಮರಿಗೆ 12 ಗ್ರಾಂ ಹಾಪರ್.

ದಿನ 1ರಿಂದ 7: ಏನೂ ಮಾಡದೆ ಇರುವುದು

ಮುಟ್ಟುವುದಿಲ್ಲ, ತಿನ್ನಲು ಕೊಡುವುದಿಲ್ಲ, ನೀರು ಬದಲಿಸುವುದು ಮಾತ್ರ. ಹಾವನ್ನಿಟ್ಟ ಟಬ್ಬಿನ ಮೂರು ಬದಿಗೆ ಕಂದು ಕಾಗದ ಅಂಟಿಸಿ, ಬಿಸಿ ಬದಿಗೊಂದು ತಂಪು ಬದಿಗೊಂದು ಗೂಡು ಇಟ್ಟದ್ದು. ಗೂಡು ಇಕ್ಕಟ್ಟಾಗಿರಬೇಕು, ಸುರುಳಿ ಸುತ್ತಿದ ಹಾವಿನ ಮೈ ಗೋಡೆಗೆ ತಾಗಬೇಕು. ದೊಡ್ಡ ಗೂಡಿನಲ್ಲಿ ಮರಿ ಬಯಲಲ್ಲಿ ಕೂತಂತೆಯೇ ಕೂರುತ್ತದೆ. ಬಿಸಿ ಬದಿಯ ನೆಲ 32 ಡಿಗ್ರಿ, ತಂಪು ಬದಿ 26, ತೇವಾಂಶ 60–65 ಪ್ರತಿಶತ.

ಏಳನೇ ದಿನ ತೂಕ 119. ಹೊಸ ಜಾಗದಲ್ಲಿ ಎರಡು ಗ್ರಾಂ ಇಳಿದದ್ದಕ್ಕೆ ಗಾಬರಿ ಬೇಕಿಲ್ಲ. ಆದರೆ ಒಂದು ಗೆರೆ ಮೊದಲೇ ಎಳೆದಿಟ್ಟದ್ದು ಒಳ್ಳೆಯದಾಯಿತು: ಬಂದ ತೂಕದಲ್ಲಿ ಹತ್ತು ಪ್ರತಿಶತ ಇಳಿದರೆ, ಅಂದರೆ 109 ಗ್ರಾಮಿಗೆ ಬಂದರೆ, ಪ್ರಯೋಗ ನಿಲ್ಲಿಸಿ ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋಗುವುದು. ಈ ಗೆರೆ ಇಲ್ಲದೆ ಹೋದರೆ ಮುಂದಿನ ವಾರಗಳಲ್ಲಿ ದಿನ ಬಿಟ್ಟು ದಿನ ಇಲಿ ಹಿಡಿದು ಹಾವಿನ ಮುಂದೆ ನಿಲ್ಲುವ ಚಪಲ ತಡೆಯುವುದು ಕಷ್ಟ.

ದಿನ 8: ಮೊದಲ ಯತ್ನ, ಒದ್ದೆ ಇಲಿ

ಬೆಳಿಗ್ಗೆ 9ಕ್ಕೆ ಇಲಿ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟೆಗೆ. ಸಂಜೆ 7ಕ್ಕೆ ಪೂರ್ತಿ ಮೆತ್ತಗೆ. ಚೀಲ ಬಿಚ್ಚಿ ನೇರವಾಗಿ 40 ಡಿಗ್ರಿ ನೀರಿಗೆ, ಹದಿನೈದು ನಿಮಿಷ. ತೆಗೆದು ಒಮ್ಮೆ ಕೊಡವಿ ಟಬ್ಬಿಗೆ.

ಹಾವು ಗೂಡಿನಿಂದ ಮೂತಿ ಹೊರಗಿಟ್ಟು ಐದಾರು ಸಲ ನಾಲಗೆ ಚಾಚಿತು, ಹಿಂದೆ ಸರಿಯಿತು. ಹತ್ತು ನಿಮಿಷ ಚಿಮಟ ಅಲ್ಲಾಡಿಸಿದ್ದು ವ್ಯರ್ಥ. ಇಲಿಯನ್ನು ಗೂಡಿನ ಬಾಗಿಲಲ್ಲಿ ಬಿಟ್ಟು ದೀಪ ಆರಿಸಿ, ಬೆಳಿಗ್ಗೆ ನೋಡಿದರೆ ಇಟ್ಟಲ್ಲೇ ಇದೆ, ಮೈತುಂಬ ತೆಂಗಿನ ನಾರಿನ ಪುಡಿ ಮೆತ್ತಿಕೊಂಡಿದೆ. ಬಿಸಾಡಿದ್ದು. ಒಮ್ಮೆ ಕರಗಿದ ಇಲಿ ಮತ್ತೆ ಫ್ರೀಜರಿಗೆ ಹೋಗುವಂತಿಲ್ಲ.

ಎಲ್ಲಿ ಎಡವಿದ್ದು ಎಂದು ನೋಡಲು ಮರುದಿನ ಅಷ್ಟೇ ತೂಕದ ಒದ್ದೆ ಬಟ್ಟೆಯ ಉಂಡೆಯನ್ನು ಅದೇ ನೀರಿನಲ್ಲಿಟ್ಟು ತೆಗೆದು ಅಳೆದದ್ದು: ತೆಗೆದಾಗ 39, ಎರಡು ನಿಮಿಷಕ್ಕೆ 33, ನಾಲ್ಕು ನಿಮಿಷಕ್ಕೆ 29. ಒದ್ದೆ ಮೈ ಆರುವುದೇ ಹಾಗೆ, ನೀರು ಆವಿಯಾಗುತ್ತಾ ಬಿಸಿಯನ್ನು ಹೊತ್ತೊಯ್ಯುತ್ತದೆ. ಹಾವಿನ ಮುಂದೆ ಹತ್ತು ನಿಮಿಷ ಕುಣಿದದ್ದು ಕೋಣೆಯಷ್ಟೇ ತಣ್ಣಗಿನ ಒಂದು ವಸ್ತು. ಬಾಲ್ ಪೈಥಾನ್‌ನ ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿ ಕುಳಿಗಳಿವೆ, ಶಾಖ ಹಿಡಿಯುವುದಕ್ಕೇ ಇರುವಂಥವು. ಜೀವಂತ ಇಲಿ ತಿಂದು ಬೆಳೆದ ಮರಿಗೆ ಶಾಖವಿಲ್ಲದ್ದು ಇಲಿಯೇ ಅಲ್ಲ. ಕಾರ್ನ್ ಸ್ನೇಕ್ ಎಂಬ ಇನ್ನೊಂದು ಸಾಕು ಹಾವಿಗೆ ಈ ಕುಳಿಗಳಿಲ್ಲ. ಅದು ವಾಸನೆ ಹಿಡಿದು ಹೋಗುವ ಹಾವು, ಅರೆಬೆಚ್ಚಗಿನದನ್ನೂ ತಿಂದುಬಿಡುತ್ತದೆ. ಕಾರ್ನ್ ಸ್ನೇಕ್ ಸಾಕಿದವರ ಸಲಹೆಯನ್ನು ಇಲ್ಲಿಗೆ ಹಾಗೇ ತಂದದ್ದು ಮೂಲ ತಪ್ಪು.

ಇನ್ನೂ ಒಂದು: ಚೀಲವಿಲ್ಲದೆ ನೀರಿಗೆ ಹಾಕಿದಾಗ ಇಲಿಯ ವಾಸನೆಯೂ ತೊಳೆದುಹೋಗುತ್ತದೆ. ಚೀಲ ಬಿಚ್ಚಬಾರದಿತ್ತು.

ದಿನ 14: ಎರಡನೇ ಯತ್ನ, ಎರಡು ತಪ್ಪು ಒಂದೇ ಸಂಜೆ

ಎರಡು ಇಲಿ ಕರಗಿಸಿದ್ದು, ಒಂದು ಮುಂಜಾಗ್ರತೆಗೆ.

ಮೊದಲನೆಯದಕ್ಕೆ ಕುದಿಯುವ ನೀರು. ತಲೆ ಬೇಗ ಬಿಸಿಯಾಗಲಿ ಎಂಬ ಆತುರ. ಒಂದು ನಿಮಿಷದೊಳಗೆ ಹೊಟ್ಟೆಯ ಚರ್ಮ ಬೆಂದು ಬಿಳಿಚಿ, ಚಿಮಟ ತಾಗಿದ್ದೇ ಸೀಳಿತು. ಕರುಳು ಚೀಲದೊಳಗೆ. ವಾಸನೆ ಬಗ್ಗೆ ಬರೆಯುವುದು ಬೇಡ. ಮೈಕ್ರೋವೇವ್ ಇದಕ್ಕಿಂತ ಕೆಟ್ಟದ್ದು. ಅದರಲ್ಲಿ ಬಿಸಿ ಒಂದೇ ಸಮ ಹರಡುವುದಿಲ್ಲ, ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಮಂಜಾಗಿಯೇ ಉಳಿಯುತ್ತದೆ, ಹೊಟ್ಟೆ ಒಡೆಯುತ್ತದೆ.

ಎರಡನೆಯದು ಚೀಲದಲ್ಲೇ 45 ಡಿಗ್ರಿ ನೀರಿನಲ್ಲಿ. ತೆಗೆದು ಒರೆಸಿದಾಗ ತಲೆ 38. ಟಬ್ಬಿನ ಹತ್ತಿರ ತಂದು ಮುಚ್ಚಳ ತೆಗೆದು ಕಾಯುವಷ್ಟರಲ್ಲಿ 33. ಹಾವು ಈ ಸಲ ಕತ್ತನ್ನು ಎಸ್ ಆಕಾರಕ್ಕೆ ಮಡಿಸಿತು, ಆಮೇಲೆ ಎರಗಿತು, ಇಲಿಗಲ್ಲ, ಬೆರಳಿಗೆ. ಮೂತಿ ಚಿಮಟದ ಲೋಹಕ್ಕೆ ತಾಗಿ ಟಕ್ ಎಂದಿತು. ಗೂಡಿಗೆ ಹೋದದ್ದು ಮತ್ತೆ ಹೊರಗೆ ಬರಲಿಲ್ಲ.

20 ಸೆಂಟಿಮೀಟರ್ ಚಿಮಟವನ್ನು ನಡುವೆ ಹಿಡಿದರೆ ಬೆರಳಿಗೂ ಇಲಿಗೂ ಒಂದು ಗೇಣೂ ಇಲ್ಲ. ಕೈಯ ಚರ್ಮ 33, ಇಲಿಯ ತಲೆ 33, ಕೈ ದೊಡ್ಡದು. ಹಾವು ಲೆಕ್ಕ ತಪ್ಪಲಿಲ್ಲ. ಆ ರಾತ್ರಿಯೇ 30 ಸೆಂಟಿಮೀಟರಿನ ಚಿಮಟಕ್ಕೆ ಬದಲಾದದ್ದು.

(ಕಚ್ಚಿ ಹಿಡಿದೇಬಿಟ್ಟರೆ ಎಳೆಯಬಾರದು. ಹಲ್ಲು ಒಳಮುಖವಾಗಿ ಬಾಗಿರುತ್ತವೆ, ಎಳೆದರೆ ಬೆರಳು ಸೀಳುತ್ತದೆ, ಹಾವಿನ ಹಲ್ಲೂ ಮುರಿಯುತ್ತದೆ. ತಣ್ಣೀರು ಸುರಿದರೆ ಸಾಮಾನ್ಯವಾಗಿ ಬಿಡುತ್ತದೆ.)

ದಿನ 15ರಿಂದ 28: ಪೊರೆ

ಹದಿನೈದನೇ ದಿನ ಹೊಟ್ಟೆಯ ಬದಿ ಗುಲಾಬಿ, ಹದಿನೆಂಟಕ್ಕೆ ಕಣ್ಣು ಹಾಲುಗಟ್ಟಿದ ನೀಲಿ. ಈ ಹೊತ್ತಿನಲ್ಲಿ ಕಣ್ಣು ಮಬ್ಬು, ಹಾವಿಗೆ ಕಿರಿಕಿರಿ. ತಿನ್ನಲು ಕೊಡುವುದು ಇಲಿ ದಂಡ ಮಾಡುವ ಕೆಲಸ. ತೇವಾಂಶ 70ಕ್ಕೆ ಏರಿಸಿ ಬಿಟ್ಟದ್ದು. 23ಕ್ಕೆ ಕಣ್ಣು ತಿಳಿಯಾಯಿತು, 27ರ ರಾತ್ರಿ ಪೊರೆ ಒಂದೇ ತುಂಡಾಗಿ ಕಳಚಿತು, ಬಾಲದ ತುದಿ ಮತ್ತು ಎರಡೂ ಕಣ್ಣಿನ ಪೊರೆ ಸಹಿತ. ತೂಕ 115.

ಈ ಬಿಡುವಿನಲ್ಲಿ ಬಿಸಿ ಮಾಡುವ ಕ್ರಮವನ್ನು ಕುಳಿತು ಸರಿಮಾಡಿದ್ದು ಹೀಗೆ.

1. ಫ್ರಿಜ್ಜಿನಲ್ಲಿ 10 ಗಂಟೆ, ಚೀಲದಲ್ಲೇ.
2. 28–30 ಡಿಗ್ರಿ ನೀರಿನಲ್ಲಿ 20 ನಿಮಿಷ, ಚೀಲ ತೇಲದಂತೆ ಮೇಲೊಂದು ಭಾರ. ನಂತರ ಹೊಟ್ಟೆಯನ್ನು ಚೀಲದ ಮೇಲಿಂದಲೇ ಹೆಬ್ಬೆರಳಿನಿಂದ ಒತ್ತಿ ನೋಡುವುದು. ಒಳಗೆ ಕಡಲೆಕಾಳಿನಷ್ಟು ಗಟ್ಟಿ ತಾಗಿದರೂ ಇನ್ನೂ ಮಂಜು ಇದೆ, ಇನ್ನೈದು ನಿಮಿಷ. ಹೊರಮೈಯ ತಾಪ ಇದನ್ನು ಹೇಳುವುದಿಲ್ಲ, ಬೆರಳೇ ಹೇಳಬೇಕು. ನಡುವೆ ತಣ್ಣಗಿರುವ ಇಲಿಯನ್ನು ಹಾವು ನುಂಗಿದರೆ ಅರಗುವುದು ತಡವಾಗುತ್ತದೆ, ಕಕ್ಕುವ ಸಂಭವ ಹೆಚ್ಚು.
3. 45 ಡಿಗ್ರಿ ನೀರಿನಲ್ಲಿ 5 ನಿಮಿಷ.
4. ಚೀಲದಿಂದ ತೆಗೆದು ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿ, ಟಬ್ ಇರುವ ಕೋಣೆಯಲ್ಲೇ, ಆದರೆ ಟಬ್ಬಿಗೆ ಗಾಳಿ ಬಡಿಯದ ಮೂಲೆಯಲ್ಲಿ, ಹೇರ್ ಡ್ರೈಯರ್ 15 ಸೆಂಟಿಮೀಟರ್ ದೂರ ಹಿಡಿದು ಒಂದು ನಿಮಿಷ. ರೋಮ ನಿಮಿರಿ ಹೂವಿನಂತೆ ಬಿಡಿಬಿಡಿಯಾಗಬೇಕು. ಕೊನೆಯ ಹದಿನೈದು ಸೆಕೆಂಡ್ ತಲೆಗೆ ಮಾತ್ರ.
5. ತಲೆ 40 ಡಿಗ್ರಿ ಇದ್ದಾಗ ಮುಚ್ಚಳ ತೆಗೆಯುವುದು. 35ಕ್ಕಿಂತ ಇಳಿದರೆ ವಾಪಸು ತಂದು ಮತ್ತೆ ಡ್ರೈಯರ್, ಅಲ್ಲೇ ನಿಂತು ಹಟ ಬೇಡ.

ಒಣಗಿದ ಇಲಿ ನಾಲ್ಕು ನಿಮಿಷವಾದರೂ 35ರ ಮೇಲೆ ನಿಲ್ಲುತ್ತದೆ. ಒದ್ದೆಯದು ಒಂದೂವರೆ ನಿಮಿಷ. ಇಡೀ ದಾಖಲೆಯಲ್ಲಿ ಉಪಯೋಗಕ್ಕೆ ಬಂದ ಅಂಕಿ ಇದೊಂದೇ ಎಂದರೂ ಸರಿ.

ದಿನ 29: ತಿಂದದ್ದು

ಕತ್ತಲಾದ ಮೇಲೆ 8:20. ಕೋಣೆಯಲ್ಲಿ ಮೂಲೆಯ ಮಬ್ಬು ದೀಪ ಮಾತ್ರ. ಗೂಡಿನ ಬಾಗಿಲ ಮುಂದೆ ಅಂಗೈಯಗಲದ ಕಾಗದ ಹಾಸಿದ್ದು, ಪುಡಿ ಮೆತ್ತದಿರಲಿ ಎಂದು. ಇಲಿ 11 ಗ್ರಾಂ, ತಲೆ 40 ಡಿಗ್ರಿ. ಚಿಮಟ ಹಿಡಿದದ್ದು ಸೊಂಟದಲ್ಲಿ, ಇಲಿಯ ತಲೆ ಹಾವಿನ ಕಡೆಗೆ. ಬಾಲ ಹಿಡಿದು ತೂಗಿದರೆ ಇಲಿ ಬುಗುರಿಯಂತೆ ತಿರುಗುತ್ತದೆ, ಮರಿ ಹೆದರುತ್ತದೆ.

ಕುಣಿಸಲಿಲ್ಲ. ಮೂತಿಯಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ನೆಲದ ಮೇಲೆ ಇಲಿ ಮೆಲ್ಲಗೆ ಅಡ್ಡ ಹಾಯುವ ಹಾಗೆ ಎರಡು ಹೆಜ್ಜೆ, ಒಂದು ಕ್ಷಣ ನಿಲುಗಡೆ, ಮತ್ತೆ ಎರಡು ಹೆಜ್ಜೆ. ಹಾವಿನ ಮುಖಕ್ಕೆ ಇಲಿಯನ್ನು ತಂದು ಚುಚ್ಚಿದರೆ ಅದು ದಾಳಿ ಎಂದುಕೊಂಡು ಉಂಡೆಯಾಗುತ್ತದೆ. ನಾಲಗೆ ಆಡುವ ಲಯ ಬದಲಾದದ್ದು ಕಂಡಿತು: ಮೊದಲು ನಿಧಾನ, ಉದ್ದ, ಆಮೇಲೆ ಚುರುಕು, ಗಿಡ್ಡ, ಆಮೇಲೆ ನಾಲಗೆ ಪೂರ್ತಿ ನಿಂತುಹೋಯಿತು. ನಿಂತ ಎರಡು ಸೆಕೆಂಡಿಗೆ ಎರಗಿತು. ಎರಡೂವರೆ ಸುತ್ತು.

ಇಲ್ಲಿ ಕೈ ತಡೆಯಬೇಕು. ಚಿಮಟವನ್ನು ಸರಕ್ಕನೆ ಎಳೆದರೆ ಬಿಟ್ಟುಬಿಡುತ್ತದೆ. ಒಂದೇ ಒಂದು ಸಲ ಮೆಲ್ಲಗೆ ಜಗ್ಗಿ, ಜೀವವಿದ್ದಂತೆ ತೋರಿಸಿ, ಹಿಡಿತ ಸಡಿಲಿಸಿ, ಆಡದೆ ನಿಂತದ್ದು. ಏಳು ನಿಮಿಷ ಹಾವು ಅಲುಗಲಿಲ್ಲ. ಆಮೇಲೆ ಮೂತಿಯಿಂದ ತಡವಿ ಇಲಿಯ ತಲೆ ಹುಡುಕಿ ನುಂಗಲು ಶುರು. 8:41ಕ್ಕೆ ಬಾಲದ ತುದಿಯೂ ಇಲ್ಲ. ಎರಡು ಆಕಳಿಕೆ, ದವಡೆ ಸ್ವಸ್ಥಾನಕ್ಕೆ ಬಂತು.

ಮುಚ್ಚಳ ಹಾಕಿ ಎರಡು ದಿನ ಮುಟ್ಟಲಿಲ್ಲ.

ದಿನ 36ರಿಂದ 38: ಕಕ್ಕಿದ್ದು

ತೂಕ 118. ಒಮ್ಮೆ ತಿಂದ ಧೈರ್ಯದಲ್ಲಿ 14 ಗ್ರಾಮಿನ ಇಲಿ. ಪ್ರತಿಶತದ ಲೆಕ್ಕಕ್ಕೆ ಒಳಗೇ ಇತ್ತು, ಹೊಸದಾಗಿ ತಿನ್ನಲು ಹಿಡಿದ ಮರಿಗೆ ಅಂಚಿನಲ್ಲಿತ್ತು. ಎರಗಿದ್ದು, ನುಂಗಿದ್ದು ಎಲ್ಲ ಸಲೀಸು. 38ರ ಬೆಳಿಗ್ಗೆ ತಂಪು ಬದಿಯಲ್ಲಿ ಅರ್ಧ ಕರಗಿದ, ಬೂದು ಬಣ್ಣದ, ಉದ್ದ ಎಳೆದಂತಿದ್ದ ಇಲಿ.

ಮೊದಲು ಇಲಿಯ ಮೇಲೆ ಅನುಮಾನ, ಆಮೇಲೆ ಗಾತ್ರದ ಮೇಲೆ. ಬಿಸಿ ಬದಿಯ ನೆಲ ಅಳೆದಾಗ ನಿಜ ಗೊತ್ತಾಯಿತು: 26 ಡಿಗ್ರಿ. ಮ್ಯಾಟಿನ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ನ ಸೆನ್ಸರ್ ವೈರಿಗೆ ಹಾಕಿದ್ದ ಟೇಪ್ ತೇವಕ್ಕೆ ಬಿಟ್ಟು, ಸೆನ್ಸರ್ ಜಾರಿ ಹೀಟ್ ಮ್ಯಾಟಿನ ನಟ್ಟನಡುವೆ ನೇರವಾಗಿ ಕೂತಿತ್ತು. ಅದಕ್ಕೆ ತಾಗುತ್ತಿದ್ದದ್ದು ಮ್ಯಾಟಿನ ಬಿಸಿ, ನೆಲದ್ದಲ್ಲ. ಹಾಗಾಗಿ 32 ಮುಟ್ಟಿತೆಂದು ಬೇಗ ಬೇಗ ಕರೆಂಟು ಕಡಿಯುತ್ತಿತ್ತು. ಪರದೆಯ ಮೇಲೆ ಎರಡು ದಿನವೂ 32 ಎಂದೇ ತೋರಿಸಿದೆ. ಪರದೆ ನೋಡಿ ನಂಬಿದ್ದು, ನೆಲಕ್ಕೆ ಥರ್ಮಾಮೀಟರ್ ಹಿಡಿಯದೆ ಇದ್ದದ್ದು, ಇದೇ ಈ ಕೆಲಸದ ಅತಿ ದುಬಾರಿ ತಪ್ಪು. ಹಾವು ಅರಗಿಸುವುದು ಹೊರಗಿನ ಬಿಸಿಯಿಂದ. ಅದು ಸಿಗದಿದ್ದರೆ ಇಲಿ ಹೊಟ್ಟೆಯಲ್ಲೇ ಕೊಳೆಯಲು ಶುರುವಾಗುತ್ತದೆ, ಹಾವು ಹೊರಗೆ ಹಾಕುತ್ತದೆ.

ರಿಪೇರಿ: ಟೇಪ್ ತೆಗೆದು, ಮ್ಯಾಟ್ ಟಬ್ಬಿನ ಹೊರತಳದಲ್ಲಿಯೇ ಇರಲಿ ಎಂದು ಬಿಟ್ಟು, ಸೆನ್ಸರನ್ನು ಒಳನೆಲದ ಮೇಲೆ ಹಾಸಿನ ಕೆಳಗೆ ಬಿಸಿ ಗೂಡಿನ ಅಡಿಗೆ ತಂದು, ಬಿಸಿ ಅಂಟು ಹಾಕಿ ಕೂರಿಸಿದ್ದು. ಟಬ್ಬಿನೊಳಗೆ ಟೇಪ್ ಅಂಟಿಸುವುದೇ ಬೇಡ. ಬಿಚ್ಚಿಕೊಂಡರೆ ಹಾವಿನ ಮೈಗೆ ಅಂಟುತ್ತದೆ, ಚರ್ಮ ಕಿತ್ತು ಬರುತ್ತದೆ. ಒಂದು ಸ್ವತಂತ್ರ ಥರ್ಮಾಮೀಟರನ್ನೂ ಪಕ್ಕದಲ್ಲೇ ಇಟ್ಟದ್ದಾಯಿತು. ಇಬ್ಬರ ಮಾತು ಎರಡು ಡಿಗ್ರಿಗಿಂತ ಹೆಚ್ಚು ಬೇರೆಯಾದರೆ ಆ ದಿನ ಇಲಿ ಕೊಡುವುದಿಲ್ಲ.

ಹಾಸು ಪೂರ್ತಿ ಬದಲಿಸಿ, ನೀರಿನ ಬಟ್ಟಲು ತೊಳೆದು, 14 ದಿನ ಉಪವಾಸ. ಕಕ್ಕುವಾಗ ಹೊಟ್ಟೆಯ ಆಮ್ಲ ಅನ್ನನಾಳವನ್ನು ಸುಡುತ್ತದೆ, ಜೀರ್ಣರಸವೂ ಹೊರಗೆ ಹೋಗುತ್ತದೆ. ಹಸಿದಿದೆ ಎಂದು ಮೂರನೇ ದಿನಕ್ಕೆ ಕೊಟ್ಟರೆ ಮತ್ತೆ ಕಕ್ಕುತ್ತದೆ, ಎರಡನೆಯ ಸಲ ಮೊದಲಿನದಕ್ಕಿಂತ ಜೋರು. ಎರಡನೇ ಸಲವೂ ಕಕ್ಕಿದರೆ ಮನೆಮದ್ದು ನಿಲ್ಲಿಸಿ ಮಲ ಪರೀಕ್ಷೆಗೆ ಪಶುವೈದ್ಯರ ಹತ್ತಿರ ಹೋಗಬೇಕು.

ದಿನ 52ರಿಂದ 73

52: ಹಾವು 112 ಗ್ರಾಂ. ಗೆರೆಗೆ ಮೂರೇ ಗ್ರಾಂ ಮೇಲೆ. ಇಲಿ ಅರ್ಧ ಗಾತ್ರ, 6 ಗ್ರಾಂ. ಎರಡನೇ ನಿಮಿಷಕ್ಕೇ ಎರಗಿತು. ಬಿಸಿ ನೆಲ 32, ಎರಡೂ ಯಂತ್ರದಲ್ಲಿ.

59: 8 ಗ್ರಾಂ. ಇಲಿಗೆ ಬದಲು ಚಿಮಟದ ತುದಿ ಹಿಡಿಯಿತು, ಬಿಟ್ಟಿತು, ಮತ್ತೆ ಇಲಿ ಹಿಡಿಯಿತು. ಡ್ರೈಯರ್ ಗಾಳಿ ಲೋಹಕ್ಕೂ ತಾಗಿ ತುದಿ ಬಿಸಿಯಾಗಿತ್ತು. ಈಗ ಡ್ರೈಯರ್ ಹಿಡಿಯುವಾಗ ಇಲಿ ಟವೆಲ್ ಮೇಲೆ, ಚಿಮಟ ದೂರ.

66: 11 ಗ್ರಾಂ. ಎರಗಲಿಲ್ಲ. ಮೂರು ನಿಮಿಷದ ಬಳಿಕ ಇಲಿಯನ್ನು ಕಾಗದದ ಮೇಲೆ ಬಿಟ್ಟು ದೀಪ ಆರಿಸಿದ್ದು. ಒಂದು ಗಂಟೆಗೆ ನೋಡಿದಾಗ ಕಾಗದ ಖಾಲಿ. ಇದೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಬಿಟ್ಟದ್ದು ಬೆಳಿಗ್ಗೆಯವರೆಗೆ ಉಳಿದಿದ್ದರೆ ಮಾತ್ರ ತೆಗೆದು ಬಿಸಾಡುವುದು.

73: ತೂಕ 119. ಇಲಿ 12 ಗ್ರಾಂ, ತಲೆ 39. ಮುಚ್ಚಳ ತೆಗೆದದ್ದರಿಂದ ಎರಗುವವರೆಗೆ 40 ಸೆಕೆಂಡ್.

ತಿನ್ನದ ಮರಿಗೆ ಹೇಳುವ ಬೇರೆ ಉಪಾಯಗಳು, ಇಲಿಯ ತಲೆಗೆ ಸೂಜಿ ಚುಚ್ಚಿ ಮಿದುಳು ಸ್ವಲ್ಪ ಹೊರಬರುವಂತೆ ಮಾಡುವುದು, ಜೀವಂತ ಇಲಿ ಮಲಗಿದ್ದ ಹಾಸಿನಲ್ಲಿ ಉಜ್ಜುವುದು, ರಾತ್ರಿಯಿಡೀ ರಂಧ್ರವಿರುವ ಸಣ್ಣ ಡಬ್ಬಿಯಲ್ಲಿ ಹಾವನ್ನೂ ಇಲಿಯನ್ನೂ ಜೊತೆಗೆ ಇಡುವುದು, ಇಲ್ಲಿ ಯಾವುದೂ ಬೇಕಾಗಲಿಲ್ಲ. ತಲೆ 40, ಮೈ ಒಣ, ನೆಲ 32, ಈ ಮೂರೂ ಸರಿಯಿದ್ದು ಮೂರು ಸಲ ಸತತವಾಗಿ ಬೇಡವೆಂದರೆ ಮಾತ್ರ ಅವುಗಳ ಸರದಿ. ಒಂದೇ ವಾರದಲ್ಲಿ ನಾಲ್ಕು ಉಪಾಯ ಮಾಡಿದರೆ ಯಾವುದು ಫಲಿಸಿತು ಎಂಬುದೂ ಗೊತ್ತಾಗುವುದಿಲ್ಲ.

75: ಹಿಕ್ಕೆ, ಗಟ್ಟಿ, ಜೊತೆಗೆ ಬಿಳಿ ಯೂರೇಟ್ (ಹಾವಿನ ಗಟ್ಟಿ ಮೂತ್ರ) ಉಂಡೆ. ಫ್ರೀಜರಿನಲ್ಲಿ ಉಳಿದದ್ದು 12 ಗ್ರಾಮಿನವು ಐದು, 14ರವು ಮೂರು. 14ರವು ಹಾವು 140 ದಾಟುವವರೆಗೆ ಅಲ್ಲೇ.